ಮನೆವಾರ್ತೆ: ಬಿಚ್ಚಿಟ್ಟ ಬೂಟಿನ ಕಥೆ

ಮನೆಯೊಳಗೆ ಸೀರೆಗೆ ಕಪಾಟಿದೆ, ಕೋಟಿಗೆ ಹ್ಯಾಂಗರಿದೆ, ಬೆಳ್ಳಿ ಲೋಟಕ್ಕೆ ಬೀಗವಿದೆ. ಮನೆಯ ಯಜಮಾನರ ತೊಗಲಿನ ಬೂಟಿಗೆ ಮಾತ್ರ ಬಾಗಿಲ ಹೊರಗಿನ ಪ್ಯಾಸೇಜೇ ಗತಿ. ಮೂರು ಸಾವಿರ ರೂಪಾಯಿ ಕೊಟ್ಟು ತಂದ ವಸ್ತು ಮಕ್ಕಳ ರಬ್ಬರ್ ಚಪ್ಪಲಿಯ ಕೆಳಗೆ, ಒದ್ದೆ ಕೊಡೆಯ ಪಕ್ಕದಲ್ಲಿ, ಮಗ್ಗುಲಾಗಿ ಬಿದ್ದುಕೊಂಡಿರುತ್ತದೆ. ತಂದ ಹೊಸದರಲ್ಲಿ ಅದರ ಠೀವಿಯೇನು, ಹೊಳಪೇನು! ವರ್ಷ ತುಂಬುವುದರೊಳಗೆ ಮೂತಿ ಮೇಲಕ್ಕೆ ತಿರುಗಿ, ಬೆರಳಿನ ಹತ್ತಿರ ಆಳವಾದ ನೆರಿಗೆ ಬಿದ್ದು, ಪಕ್ಕಗಳು ಉಬ್ಬಿ, ಹಿಮ್ಮಡಿ ಕುಸಿದು, ನೋಡಿದವರು ಇದು ಯಾವ ಕಾಲದ್ದು ಎಂದು ಕೇಳುವ ಹಾಗಾಗುತ್ತದೆ. ಆಗ ನಾವು ಬೈಯುವುದು ಅಂಗಡಿಯವನನ್ನು. 'ಈಗಿನ ಮಾಲೇ ಹೀಗೆ, ನಮ್ಮ ತಂದೆಯವರ ಬೂಟು ಹದಿನೈದು ವರ್ಷ ಬಂದಿತ್ತು' ಎನ್ನುತ್ತೇವೆ.

ಮಾಲು ಕಳಪೆಯಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯ ಮಾಲು ಕೂಡ ನಮ್ಮ ಮನೆಗಳಲ್ಲಿ ಬಾಳುವುದಿಲ್ಲ. ಅದಕ್ಕೆ ಕಾರಣ ನಡಿಗೆಯಲ್ಲ. ಬೂಟು ಆಕಾರ ಕಳೆದುಕೊಳ್ಳುವುದು ಕಾಲಿನಲ್ಲಿ ಇರುವಾಗ ಅಲ್ಲ, ಬಿಚ್ಚಿಟ್ಟ ಮೇಲೆ. ರಾತ್ರಿ ನಾವು ನಿದ್ದೆ ಮಾಡುವ ಏಳೆಂಟು ಗಂಟೆಗಳಲ್ಲಿ ಅದರ ಆಯುಷ್ಯದ ತೀರ್ಮಾನವಾಗುತ್ತದೆ. ಈ ತಿಂಗಳ ಮನೆವಾರ್ತೆ ಇದರ ಬಗ್ಗೆ.

ಅಚ್ಚಿನ ಮೇಲೆ ಹುಟ್ಟಿದ್ದು

ಮೊದಲು ಬೂಟು ಹುಟ್ಟುವ ಬಗೆಯನ್ನು ನೋಡೋಣ. ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಮರದಂತೆ ಸೆಟೆಯುತ್ತದೆ. ಅದನ್ನು ಹದ ಮಾಡಬೇಕು. ಹಿಂದೆ ನಮ್ಮ ಕಡೆ ಆವರಿಕೆ ಗಿಡದ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಈಗ ಬೂಟಿನ ಮೇಲ್ಭಾಗಕ್ಕೆ ಬಳಸುವ ತೊಗಲನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದ ಮಾಡುತ್ತಾರೆ. ಹೇಗೇ ಹದ ಮಾಡಿದರೂ ತೊಗಲಿನ ಒಳಗೆ ಇರುವುದು ಕೊಲಾಜೆನ್ ಎಂಬ ನಾರುಗಳ ದಟ್ಟವಾದ ಹೆಣಿಗೆ. ಆ ನಾರು ಒದ್ದೆಯಾದಾಗ ಜರುಗುತ್ತದೆ, ಎಳೆದತ್ತ ಬರುತ್ತದೆ. ಒಣಗಿದಾಗ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ.

ಬೂಟು ಮಾಡುವವರ ಕೈಚಳಕವೆಲ್ಲ ಈ ಒಂದು ಗುಣವನ್ನು ನಂಬಿಕೊಂಡಿದೆ. ಪಾದದ ಆಕಾರದ ಒಂದು ಅಚ್ಚು ಇರುತ್ತದೆ. ಹಿಂದೆ ಮರದ್ದು, ಈಗ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕಿನದು. ಕತ್ತರಿಸಿ ಹೊಲಿದ ತೊಗಲಿಗೆ ತೇವ ಕೊಟ್ಟು ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಬಿಗಿಯಾಗಿ ಎಳೆದು, ಅಂಚನ್ನು ಕೆಳಗೆ ಮಡಚಿ ಕೂರಿಸುತ್ತಾರೆ. ಮೂತಿಯ ಒಳಗೂ ಹಿಮ್ಮಡಿಯ ಒಳಗೂ, ಅಸ್ತರಿನ ಮರೆಯಲ್ಲಿ, ಗಟ್ಟಿಯಾದ ಒಂದೊಂದು ತುಂಡು ಇಟ್ಟಿರುತ್ತಾರೆ. ಅದೇ ಬೂಟಿನ ಬೆನ್ನೆಲುಬು. ಅಚ್ಚಿನ ಮೇಲೆಯೇ ಒಣಗಿ ಆಕಾರ ನಿಂತ ಮೇಲೆ ಅಟ್ಟೆ ಕೂರಿಸಿ, ಕೊನೆಗೆ ಅಚ್ಚನ್ನು ಹೊರಗೆ ಎಳೆಯುತ್ತಾರೆ.

ಈಗ ಗುಟ್ಟು ತಿಳಿಯಿತಲ್ಲ? ಅಚ್ಚಿನ ಮೇಲೆ ಒಣಗಿದ್ದರಿಂದ ಬಂದ ಆಕಾರ, ಅಚ್ಚಿಲ್ಲದೆ ಒಣಗುವುದರಿಂದ ಹೋಗುತ್ತದೆ. ಮನೆಯಲ್ಲಿ ಹಪ್ಪಳ ಮಾಡುವ ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಟ್ಟಿಸಿದಾಗ ತಟ್ಟನೆಯ ಚಂದ್ರನಂತಿದ್ದ ಹಪ್ಪಳ ಉರಿಬಿಸಿಲಿಗೆ ಅಂಚು ಮುರುಟಿಕೊಂಡು ದೋಣಿಯಾಗುವುದಿಲ್ಲವೇ? ಬೂಟಿನ ಮೂತಿ ಮೇಲೇಳುವುದೂ ಅದೇ ರೀತಿ.

ಬೆವರಿನ ಲೆಕ್ಕ

'ನಮ್ಮ ಬೂಟು ಒದ್ದೆಯೇ ಆಗುವುದಿಲ್ಲವಲ್ಲ, ಮಳೆಗಾಲದಲ್ಲಿ ಹಾಕುವುದೇ ಇಲ್ಲ' ಎಂದು ನೀವು ಹೇಳಬಹುದು. ಮಳೆ ಬೇಡ, ನಮ್ಮ ಕಾಲೇ ಸಾಕು. ಎರಡೂ ಪಾದಗಳು ಸೇರಿದರೆ ಸುಮಾರು 2.5 ಲಕ್ಷ ಬೆವರು ಗ್ರಂಥಿಗಳಿವೆ ಎನ್ನುತ್ತಾರೆ. ಬೆಳಿಗ್ಗೆ 7.40ರ ಲೋಕಲ್ ಹಿಡಿಯಲು ಓಡಿದ ಕಾಲು ರಾತ್ರಿ ಎಂಟಕ್ಕೆ ಮನೆಗೆ ಬರುವವರೆಗೆ ಕಾಲುಚೀಲ ಮತ್ತು ತೊಗಲಿನ ಒಳಗೆ ಬಂದಿಯಾಗಿ ಕೂತಿರುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲೂರಿನ ಗಾಳಿಯಲ್ಲಿ ಆ ಬೆವರು ಹೊರಗೆ ಹೋಗುವುದೂ ನಿಧಾನ. ಬಿಚ್ಚಿದ ಬೂಟಿನೊಳಗೆ ಕೈ ಹಾಕಿ ನೋಡಿ. ಬೆಚ್ಚಗೆ, ತೇವವಾಗಿ ಇರುತ್ತದೆ. ಆ ತೇವ ಪೂರ್ತಿ ಆರಲು ಒಂದು ರಾತ್ರಿ ಸಾಲದು, ಒಂದು ಪೂರ್ತಿ ದಿನವಾದರೂ ಬೇಕು.

ನಾವೋ ಮರುದಿನ ಬೆಳಿಗ್ಗೆ ಮತ್ತೆ ಅದನ್ನೇ ಏರಿಸುತ್ತೇವೆ. ಅರೆ ಒದ್ದೆ ತೊಗಲು ನಡಿಗೆಯ ಪ್ರತಿ ಹೆಜ್ಜೆಗೂ ಒಂದೇ ಕಡೆ ಮಡಚುತ್ತದೆ. ಬೆವರಿನಲ್ಲಿರುವ ಉಪ್ಪು ನಾರಿನ ನಡುವೆ ಉಳಿದು, ಆ ಮಡಿಕೆಯಲ್ಲಿ ತೊಗಲನ್ನು ಬಿರುಸು ಮಾಡುತ್ತದೆ. ಮಡಿಕೆ ನೆರಿಗೆಯಾಗುತ್ತದೆ, ನೆರಿಗೆ ಬಿರುಕಾಗುತ್ತದೆ.

ಆದ್ದರಿಂದ ಮೊದಲ ಸೂತ್ರ: ಒಂದೇ ಬೂಟನ್ನು ಎರಡು ದಿನ ಒಂದರ ಮೇಲೊಂದರಂತೆ ಹಾಕಬೇಡಿ. ಕೂಲಿಯವನಿಗೂ ವಾರಕ್ಕೊಂದು ರಜೆಯಿದೆ, ಬೂಟಿಗೆ ದಿನ ಬಿಟ್ಟು ದಿನ ರಜೆ ಬೇಕು. ಎರಡು ಜೊತೆ ಕೊಳ್ಳುವುದು ದುಂದು ಎಂದು ತೋರುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ. ಒಂದನ್ನು ಸವೆಸಿ ಆಮೇಲೆ ಇನ್ನೊಂದನ್ನು ಸವೆಸುವುದಕ್ಕಿಂತ, ಎರಡನ್ನೂ ಸರದಿಯಲ್ಲಿ ಹಾಕಿದರೆ ಒಟ್ಟು ಬಾಳಿಕೆ ಹೆಚ್ಚು. ಕೈಯಿಂದ ಹೋಗುವ ದುಡ್ಡು ಅಷ್ಟೇ, ಹೋಗುವ ದಿನ ಮಾತ್ರ ಮುಂಚೆ.

ಎರಡು ಜೊತೆಗೆ ಅನುಕೂಲವಿಲ್ಲದವರ ಕಷ್ಟ ನಮ್ಮ ಸಮಾಜಕ್ಕೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದ ಎಷ್ಟೋ ಹಿರಿಯರು ಬ್ಯಾಂಕಿನ ಸಂದರ್ಶನಕ್ಕೆ ರೂಮಿನ ಗೆಳೆಯನ ಬೂಟು ಕಡ ತೊಟ್ಟು ಹೋದವರು. ನಾಲ್ವರ ಕೋಲಿಯಲ್ಲಿ ಒಂದು ಜೊತೆ ಬೂಟು, ಯಾರಿಗೆ ಕರೆ ಬಂದರೆ ಅವರಿಗೆ. ಆ ಒಂದು ಜೊತೆ ಕೆಟ್ಟರೆ ನಾಲ್ವರ ದಾರಿ ಮುಚ್ಚಿದಂತೆ. ಇಂದೂ ಊರಿನಿಂದ ಒಂದು ಬ್ಯಾಗಿನೊಂದಿಗೆ ಬಂದು ಇಳಿಯುವ ಹುಡುಗ ಹುಡುಗಿಯರಿದ್ದಾರೆ. ಅಂಥವರು ಸಂದರ್ಶನದ ಬೂಟನ್ನು ಸಂದರ್ಶನಕ್ಕೆ ಮಾತ್ರ ಇಟ್ಟುಕೊಂಡು, ದಿನದ ಓಡಾಟಕ್ಕೆ ಸಾದಾ ಚಪ್ಪಲಿ ಹಾಕುವುದು ಮೇಲು. ಅದೂ ಆಗದಿದ್ದರೆ ಮುಂದೆ ಹೇಳುವ ಕಾಗದದ ಉಪಾಯವನ್ನು ಒಂದು ರಾತ್ರಿಯೂ ತಪ್ಪಿಸಬಾರದು.

ಮರದ ಕಾಲು, ಕಾಗದದ ಕಾಲು

ಬೂಟು ಒಣಗುವಾಗ ಅದಕ್ಕೆ ಅಚ್ಚು ಬೇಕು ಎಂದಾಯಿತು. ಆ ಕೆಲಸಕ್ಕೆಂದೇ ಮಾಡಿದ ಮರದ ಕಾಲು ಸಿಗುತ್ತದೆ. ಅಂಗಡಿಯಲ್ಲಿ ಶೂ ಟ್ರೀ ಎಂದು ಕೇಳಬೇಕು. ಮುಂದೆ ಬೆರಳುಗಳ ಆಕಾರದ ಮರದ ತುಂಡು, ಹಿಂದೆ ಹಿಮ್ಮಡಿಯ ತುಂಡು, ನಡುವೆ ಸ್ಪ್ರಿಂಗ್. ಸೀಡರ್ ಮರದ್ದು ಎಲ್ಲಕ್ಕಿಂತ ಒಳ್ಳೆಯದು. ಅದು ತೇವ ಹೀರುತ್ತದೆ, ಒಳ್ಳೆಯ ಪರಿಮಳವೂ ಇದೆ. ಮೇಲೆ ವಾರ್ನಿಷ್ ಹೊಡೆದ ಮರವಾದರೆ ನೋಡಲು ಚಂದ, ತೇವ ಹೀರುವುದಿಲ್ಲ. ಪ್ಲಾಸ್ಟಿಕ್ಕಿನದು ಆಕಾರ ಹಿಡಿಯುತ್ತದೆ, ಹೀರುವ ಕೆಲಸ ಅದರಿಂದಾಗದು. ಹಿಂಭಾಗದಲ್ಲಿ ಚಿಕ್ಕ ಗುಂಡು ಇರುವ ಅಗ್ಗದ ನಮೂನೆಯೊಂದಿದೆ. ಅದರ ಸ್ಪ್ರಿಂಗ್ ಒತ್ತಡವೆಲ್ಲ ಹಿಮ್ಮಡಿಯ ಒಂದೇ ಬಿಂದುವಿಗೆ ಬಿದ್ದು, ದಿನ ಕಳೆದಂತೆ ಅಲ್ಲಿ ಗೂನು ಬರುತ್ತದೆ. ಹಿಮ್ಮಡಿಯಷ್ಟೇ ಅಗಲದ ತುಂಡು ಇರುವುದನ್ನು ಆರಿಸಿ. ಬೂಟು ತುಂಬಬೇಕು, ನೆರಿಗೆ ಬಿಡಬೇಕು, ಆದರೆ ಹೊಲಿಗೆ ಎಳೆಯುವಷ್ಟು ಬಿಗಿಯಾಗಬಾರದು.

ಹಾಕುವ ಸಮಯವೂ ಮುಖ್ಯ. ಬಿಚ್ಚಿದ ಕೂಡಲೇ, ತೊಗಲು ಇನ್ನೂ ಬೆಚ್ಚಗೆ ಮೆತ್ತಗೆ ಇರುವಾಗ ಹಾಕಬೇಕು. ಬೆಳಿಗ್ಗೆ ಹಾಕಿದರೆ ಆಗಲೇ ನೆರಿಗೆ ನಿಂತುಬಿಟ್ಟಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಒಂದೇ ಜೊತೆ ಮರದ ಕಾಲು ಇದ್ದರೆ ಆ ದಿನ ಬಿಚ್ಚಿದ ಬೂಟಿಗೆ ಅದು ಸಲ್ಲಬೇಕು. ನಿನ್ನೆಯದು ಅಷ್ಟರಲ್ಲಿ ಒಣಗಿರುತ್ತದೆ.

ಅಷ್ಟು ಖರ್ಚು ಏಕೆ ಎನ್ನುವವರಿಗೆ ರದ್ದಿ ಕಾಗದವಿದೆ. ದಿನಪತ್ರಿಕೆಯ ಹಾಳೆಯನ್ನು ಮುದ್ದೆ ಮಾಡಿ ಮೊದಲು ಮೂತಿಗೆ ತುಂಬಿ, ಆಮೇಲೆ ಪಕ್ಕಗಳಿಗೆ, ಕೊನೆಗೆ ಹಿಮ್ಮಡಿಗೆ. ಸಡಿಲವಾದರೆ ಪ್ರಯೋಜನವಿಲ್ಲ, ಗುದ್ದಿ ತುಂಬಿದರೆ ಬೂಟು ಕಡುಬಾಗುತ್ತದೆ. ಒಳಗೆ ತೆಳು ಬಣ್ಣದ ಅಸ್ತರಿದ್ದರೆ ಮಸಿ ಹತ್ತೀತು, ಮುದ್ದೆಯನ್ನು ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿ ಇಡಿ. ಎರಡು ಮೂರು ದಿನಕ್ಕೊಮ್ಮೆ ಕಾಗದ ಬದಲಿಸಿ. ನಮ್ಮ ಈ ಸಂಚಿಕೆಯ ಹಾಳೆಗಳನ್ನು ಮಾತ್ರ ಬಳಸಬೇಡಿ. ಸಂಪಾದಕರಿಗೆ ಬೇಸರವಾಗುತ್ತದೆ ಎಂಬುದು ಒಂದು ಕಾರಣ. ನುಣುಪು ಕಾಗದ ನೀರು ಹೀರುವುದಿಲ್ಲ ಎಂಬುದು ನಿಜವಾದ ಕಾರಣ.

ಹೊಸ್ತಿಲಲ್ಲಿ ಆಗುವ ಅನಾಹುತ

ಬೂಟಿನ ಬಗ್ಗೆ ಪುಸ್ತಕ ಬರೆದ ಪಶ್ಚಿಮದವರು ಬೆಳಿಗ್ಗೆ ಹಾಕಿ ರಾತ್ರಿ ಬಿಚ್ಚುವವರು. ನಮ್ಮ ಸಂಗತಿಯೇ ಬೇರೆ. ಮನೆಗೆ ಹೋದರೆ ಬಿಚ್ಚಬೇಕು, ದೇವಸ್ಥಾನಕ್ಕೆ ಹೋದರೆ ಬಿಚ್ಚಬೇಕು, ಸತ್ಯನಾರಾಯಣ ಪೂಜೆಗೆ ಹೋದರೆ ಬಿಚ್ಚಬೇಕು. ಭಾನುವಾರ ನಾಲ್ಕು ಮನೆ ತಿರುಗಿದರೆ ಎಂಟು ಸಲ ಹಾಕಿ ಬಿಚ್ಚಿದ ಲೆಕ್ಕ. ಪ್ರತಿ ಸಲ ಬಗ್ಗಿ ಲೇಸು ಬಿಚ್ಚುವ ತಾಳ್ಮೆ ಯಾರಿಗಿದೆ? ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಮೆಟ್ಟಿ ಕಳಚುತ್ತೇವೆ. ಹೊರಡುವಾಗ ಕಟ್ಟಿದ ಲೇಸಿನ ಒಳಗೇ ಕಾಲು ತುರುಕಿ, ಹಿಮ್ಮಡಿಯನ್ನು ತುಳಿದು, ನೆಲಕ್ಕೆ ಎರಡು ಸಲ ಕುಟ್ಟಿ, 'ಬರ್ತೇವೆ' ಎನ್ನುತ್ತೇವೆ.

ಒಳಗೆ ಬೆನ್ನೆಲುಬಿನಂತೆ ಇರುವ ಗಟ್ಟಿ ತುಂಡು ಮುರಿಯುವುದು ಈ ಹೊಸ್ತಿಲಲ್ಲಿಯೇ. ಅದು ಒಮ್ಮೆ ಕುಸಿದರೆ ಮತ್ತೆ ನಿಲ್ಲುವುದು ಕಷ್ಟ. ಪರಿಹಾರ ಸುಲಭವಾಗಿದೆ. ಲೇಸು ಪೂರ್ತಿ ಸಡಿಲಿಸಿ, ಶೂಹಾರ್ನ್ ಬಳಸಿ ಕಾಲು ಜಾರಿಸಿ. ಶೂಹಾರ್ನ್ ಇಲ್ಲದಿದ್ದರೆ ಉದ್ದನೆಯ ಸ್ಟೀಲ್ ಚಮಚದ ಉಬ್ಬಿದ ಬೆನ್ನು ಆಗುತ್ತದೆ (ಅಡುಗೆಮನೆಯ ಒಡತಿಗೆ ಹೇಳಿ ತೆಗೆದುಕೊಳ್ಳಿ, ಮರಳಿ ಅಲ್ಲಿಗೇ ಇಡಬೇಡಿ). ಬಂದವರು ಕೂತು ಬೂಟು ಹಾಕಲು ಬಾಗಿಲ ಬಳಿ ಒಂದು ಸ್ಟೂಲು ಇಡಿ. ಮಂಡಿ ನೋವಿನ ಹಿರಿಯರು ನಿಮ್ಮನ್ನು ಹರಸುತ್ತಾರೆ. ಹಬ್ಬ, ಪೂಜೆ, ಸಂಘದ ಸಭೆ ಎಂದು ಹತ್ತು ಸಲ ಬಿಚ್ಚಬೇಕಾದ ದಿನ ಲೇಸಿಲ್ಲದ ಬೂಟೋ ಒಳ್ಳೆಯ ಚಪ್ಪಲಿಯೋ ಸಾಕು. ಸಭಾಗೃಹದ ಬಾಗಿಲಲ್ಲಿ ಬಿಚ್ಚಿದಾಗ ಗೋಡೆಗೆ ಒತ್ತಿ, ಜೋಡಿಯಾಗಿ ಇಡಿ. ರಾಶಿಯ ನಡುವೆ ಬಿಟ್ಟರೆ ನೂರು ಜನ ಅದರ ಮೇಲೆ ಕಾಲಿಟ್ಟೇ ಒಳಗೆ ಬರುತ್ತಾರೆ.

ಮಳೆಗಾಲದ ಚಿಕಿತ್ಸೆ

ಜೂನ್ ಬಂತೆಂದರೆ ಮುಂಬಯಿಯ ಅನುಭವಸ್ಥರು ತೊಗಲಿನ ಬೂಟನ್ನು ಆಫೀಸಿನ ಮೇಜಿನ ಕೆಳಗೆ ಇಟ್ಟು, ದಾರಿಗೆ ರಬ್ಬರಿನ ಚಪ್ಪಲಿ ಹಾಕುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಮಳೆ ಹೇಳಿ ಬರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಸೊಂಟದ ಮಟ್ಟದ ನೀರಿನಲ್ಲಿ ರಾತ್ರಿಯಿಡೀ ನಡೆದು ಮನೆ ಸೇರಿದವರು ನಮ್ಮ ನಡುವೆ ಎಷ್ಟಿಲ್ಲ! ಅಂಥ ದಿನ ಜೀವ ಉಳಿದರೆ ಸಾಕು, ಬೂಟಿನ ಮಾತು ಆಮೇಲೆ. ಸಾಧಾರಣ ಮಳೆಯಲ್ಲಿ ನೆನೆದ ಬೂಟನ್ನು ಮಾತ್ರ ಖಂಡಿತ ಉಳಿಸಬಹುದು.

ಮೊದಲು ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಲೇಸು ತೆಗೆಯಿರಿ. ಒಳಗಿನ ಮೆತ್ತೆ ಬಿಚ್ಚುವಂತಿದ್ದರೆ ಅದನ್ನೂ ಹೊರಗೆ ತೆಗೆದು ಬೇರೆ ಒಣಗಿಸಿ. ಒಣ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಕಾಗದ ತುಂಬಿ, ಮೊದಲ ಕೆಲವು ಗಂಟೆ ಗಂಟೆಗೊಮ್ಮೆ ಬದಲಿಸಿ. ಬೂಟನ್ನು ನೆಟ್ಟಗೆ ನಿಲ್ಲಿಸದೆ ಮಗ್ಗುಲಾಗಿ ಇಡಿ, ಅಟ್ಟೆಗೂ ಗಾಳಿ ಆಡಬೇಕು. ಜಾಗ ನೆರಳಿನದಾಗಿರಲಿ, ಫ್ಯಾನಿನ ಗಾಳಿ ಸಾಕು. ಇದಕ್ಕೆ ಎರಡು ದಿನವಾಗಲಿ, ಮೂರು ದಿನವಾಗಲಿ, ಅವಸರ ಬೇಡ. ನೀರಿಳಿದ ಮೇಲೆ ಮರದ ಕಾಲು ಹಾಕಿ.

ಮಾಡಬಾರದ್ದು ಒಂದೇ: ಬಿಸಿ ಮುಟ್ಟಿಸುವುದು. ಒಲೆಯ ಪಕ್ಕ, ಫ್ರಿಜ್ಜಿನ ಹಿಂದೆ, ಬಾಲ್ಕನಿಯ ಸುಡುಬಿಸಿಲು, ಕೂದಲು ಒಣಗಿಸುವ ಯಂತ್ರ, ಯಾವುದೂ ಬೇಡ. ಒದ್ದೆ ತೊಗಲಿಗೆ ಬಿಸಿ ತಗಲಿದರೆ ನಾರು ಮುದುಡಿಕೊಳ್ಳುತ್ತದೆ. ಹಾಗೆ ಮುದುಡಿದ್ದನ್ನು ಯಾವ ಪಾಲಿಶೂ ಬಿಡಿಸಲಾರದು. ಅಟ್ಟೆಯ ಅಂಟು ಕೂಡ ಬಿಡುತ್ತದೆ.

ಒಣಗಿದ ಮೇಲೆ ಬೆಳ್ಳಗೆ ಉಪ್ಪಿನ ಗೆರೆ ಕಂಡರೆ, ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಸೇರಿಸಿ, ಬಟ್ಟೆಯನ್ನು ಅದ್ದಿ ಹಿಂಡಿ ಮೆಲ್ಲಗೆ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಒರೆಸಿ, ಇಲ್ಲದಿದ್ದರೆ ಅದರ ಪುಡಿ ಪಕ್ಕದ ಬೂಟಿಗೂ ಹಾರುತ್ತದೆ. ತೊಗಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ. ಹಳೆಯ ದಿಂಬಿನ ಚೀಲ ಎಷ್ಟೋ ವಾಸಿ. ದೆಹಲಿ, ಹೈದರಾಬಾದಿನ ಓದುಗರಿಗೆ ಈ ತೊಂದರೆ ಕಡಿಮೆ. ಅವರಿಗೆ ಒಣಹವೆಯದೇ ಕಾಟ, ತೊಗಲು ಎಣ್ಣೆಯಂಶ ಕಳೆದುಕೊಂಡು ಬಿರಿಯುತ್ತದೆ. ಅವರು ತಿಂಗಳಿಗೊಮ್ಮೆಯಾದರೂ ಶೂ ಕ್ರೀಮ್ ತಪ್ಪಿಸಬಾರದು.

ಕ್ರೀಮಿಗೂ ಪಾಲಿಶಿಗೂ ವ್ಯತ್ಯಾಸವಿದೆ. ಕ್ರೀಮು ತೊಗಲಿಗೆ ಊಟ, ಡಬ್ಬಿಯ ಮೇಣದ ಪಾಲಿಶು ಅದರ ಮೇಲಿನ ಅಂಗಿ. ಹಳೆಯ ಪಾಲಿಶನ್ನು ಒರೆಸದೆ ಮೇಲಿಂದ ಮೇಲೆ ಬಳಿದರೆ ನೆರಿಗೆಯಲ್ಲಿ ಮೇಣ ಕೂತು ಬಿರುಕು ಬಿಡುತ್ತದೆ. ಇನ್ನು ನಮ್ಮ ಕರಾವಳಿಯವರ ಸರ್ವರೋಗ ಔಷಧಿ ತೆಂಗಿನೆಣ್ಣೆ! ತಲೆಗೂ ಅದೇ, ಬಾಗಿಲ ತಿರುಗಣಿಗೂ ಅದೇ, ಬೂಟಿಗೂ ಅದೇ. ದಪ್ಪ ತೊಗಲಿನ ಕೊಲ್ಹಾಪುರಿ ಮೆಟ್ಟಿಗೆ ಎಣ್ಣೆ ಕುಡಿಸುವ ರೂಢಿಯಿದೆ, ಅದಕ್ಕೆ ಅದು ಒಪ್ಪುತ್ತದೆ. ತೆಳು ತೊಗಲಿನ ಆಫೀಸು ಬೂಟಿಗೆ ಎಣ್ಣೆ ಹಚ್ಚಿದರೆ ಬಣ್ಣ ಕಪ್ಪಾಗಿ, ತೊಗಲು ಜೋಲು ಬಿದ್ದು, ಧೂಳು ಅಂಟುತ್ತದೆ. ಆಕಾರ ಉಳಿಸಲು ಹೊರಟವರು ಆಕಾರ ಕೆಡಿಸಿಕೊಂಡಂತೆ.

ಅಳತೆಯ ಮಾತು

ಅಂಗಡಿಯಲ್ಲಿಯೇ ತಪ್ಪಿದ ಅಳತೆಯನ್ನು ಯಾವ ಮರದ ಕಾಲೂ ಸರಿ ಮಾಡದು. ಅಗಲ ಪಾದಕ್ಕೆ ಕಿರಿದು ಬೂಟು ಹಾಕಿದರೆ ಪಕ್ಕ ಉಬ್ಬಲೇಬೇಕು. ನಮ್ಮಲ್ಲಿ ಇದು ಬಹಳ ಜನರ ಪಾಡು, ಏಕೆಂದರೆ ನಾವು ಕೊಳ್ಳುವ ಬೂಟಿನ ನಂಬರುಗಳು ಇಂಗ್ಲೆಂಡ್, ಯುರೋಪುಗಳಿಂದ ಬಂದವು. ಚೆನ್ನೈ ಅಡ್ಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ ನಾನಾ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಅವರದಕ್ಕಿಂತ ಅಗಲ ಎಂದು ಕಂಡುಬಂತು. ನಮ್ಮದೇ ಅಳತೆಗೆ 'ಭಾ' ಎಂಬ ಹೆಸರನ್ನೂ ಸೂಚಿಸಲಾಯಿತು. ಅಂದರೆ ನಿಮ್ಮ ಬೂಟಿನ ಪಕ್ಕ ಉಬ್ಬುವುದಕ್ಕೆ ನಿಮ್ಮ ಕಾಲು ಕಾರಣವಲ್ಲ.

ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಿನವೂ ಹಾಕುವ ಕಾಲುಚೀಲ ಹಾಕಿಕೊಂಡೇ ಹೋಗಿ. ಎರಡೂ ಕಾಲಿಗೆ ಹಾಕಿ ನಡೆದು ನೋಡಿ, ದೊಡ್ಡ ಪಾದಕ್ಕೆ ಸರಿಹೊಂದಿದ್ದು ಬೇಕು. ಬೆರಳುಗಳ ಬುಡ ಮಡಚುವ ಕಡೆಯೇ ಬೂಟೂ ಮಡಚಬೇಕು. 'ಹಾಕ್ತಾ ಹಾಕ್ತಾ ಲೂಸ್ ಆಗ್ತದೆ' ಎನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಸಕ್ಕರೆ ಕಾಯಿಲೆಯವರು ಈ ಮಾತನ್ನು ಎರಡು ಸಲ ಓದಬೇಕು. ವರ್ಷಗಳ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂಕಾಗುವುದುಂಟು. ಆಕಾರ ಕೆಟ್ಟ ಬೂಟಿನ ಒಳಗೆ ಮುದುಡಿದ ಅಸ್ತರು, ಎದ್ದ ಮೊಳೆಯ ತುದಿ, ಒಂದು ಸಣ್ಣ ಕಲ್ಲು ದಿನವಿಡೀ ಒತ್ತಿದರೂ ಅವರಿಗೆ ನೋವಾಗುವುದಿಲ್ಲ. ರಾತ್ರಿ ನೋಡಿದಾಗ ಗಾಯ. ಆ ಗಾಯ ಮಾಯದೆ ಬೆರಳನ್ನೇ ತೆಗೆಯಬೇಕಾಗಿ ಬರುವುದುಂಟು. ದಿನವೂ ಹಾಕುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡಿ. ರಾತ್ರಿ ಪಾದವನ್ನೂ ನೋಡಿಕೊಳ್ಳಿ. ಆಕಾರ ಕೆಟ್ಟ ಬೂಟನ್ನು ಅವರು 'ಇನ್ನೊಂದು ವರ್ಷ ಬರಲಿ' ಎಂದು ಎಳೆಯಬಾರದು.

ಸ್ಟೇಷನ್ನಿನ ಹೊರಗಿನ ವೈದ್ಯ

ನಮ್ಮ ಸ್ಟೇಷನ್ನಿನ ಹೊರಗೆ ಸೇತುವೆಯ ಬುಡದಲ್ಲಿ ಕೂರುವ ಮೋಚಿ ಕಾಕಾ ವಿಜಯಪುರದ ಕಡೆಯವರು. ಕನ್ನಡ ಕೇಳಿದರೆ ಮುಖ ಅರಳುತ್ತದೆ. ಬೂಟು ಯಾಕೆ ಇಷ್ಟು ಬೇಗ ವಾಲುತ್ತದೆ ಎಂದು ಕೇಳಿದ್ದಕ್ಕೆ ಅವರು ಬೂಟನ್ನು ತಿರುಗಿಸಿ ಹಿಮ್ಮಡಿ ತೋರಿಸಿದರು. "ಇಲ್ಲಿ ನೋಡ್ರಿ ಸಾಹೇಬ್ರ, ಒಂದ ಕಡಿ ಸವದೈತಿ. ಬುನಾದಿ ವಾಲಿದ ಮ್ಯಾಲ ಗ್ವಾಡಿ ನೆಟ್ಟಗ ನಿಲ್ಲತೈತೇನ್ರಿ? ಮಂದಿ ಪೂರಾ ಹಾಳಾದ ಮ್ಯಾಲ ತರತಾರ. ಮೊದಲ ತಂದ್ರ ಹಿಮ್ಮಡಿ ತುಂಡ ಒಂದ ಬಡದ ಕೊಡತೇನಿ, ಮತ್ತ ವರ್ಷ ಓಡತೈತಿ."

ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿಲ್ಲ. ನಾವೆಲ್ಲ ಹಿಮ್ಮಡಿಯನ್ನು ಒಂದು ಬದಿಗೇ ಹೆಚ್ಚು ಸವೆಸುತ್ತೇವೆ. ಸವೆದ ಕಡೆಗೆ ಬೂಟು ವಾಲುತ್ತದೆ, ಮೇಲಿನ ತೊಗಲು ತಿರುಚುತ್ತದೆ. ಮೂರು ನಾಲ್ಕು ಮಿಲಿಮೀಟರು ಸವೆದಾಗಲೇ ಹೊಸ ತುಂಡು ಹಾಕಿಸಿದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತದೆ. ಹೊಲಿದ ಅಟ್ಟೆಯ ಬೂಟಾದರೆ ಅಟ್ಟೆಯನ್ನೇ ಬದಲಿಸಬಹುದು. ಮೇಲಿನ ತೊಗಲು ಚೆನ್ನಾಗಿದ್ದರೆ ಬೂಟಿಗೆ ಎರಡನೆಯ ಆಯುಷ್ಯ. ನಮ್ಮ ತಂದೆಯವರ ಬೂಟು ಹದಿನೈದು ವರ್ಷ ಬಂದದ್ದು ಹೀಗೆ, ಎರಡು ಮೂರು ಸಲ ಅಟ್ಟೆ ಬದಲಿಸಿ.

ಆ ಕೆಲಸಕ್ಕೆ ಅವರು ಕೇಳುವ ಹಣದಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ನಾವು, ಅದೇ ಸಂಜೆ ಕಾಫಿಗೆ ಅದರ ಎರಡರಷ್ಟು ಕೊಟ್ಟು ಬರುತ್ತೇವೆ. ಬೂಟು ಬಾಗಿಲ ಹೊರಗೆ ಬೀಳುವುದಕ್ಕೂ ಬೂಟು ಹೊಲಿಯುವವರನ್ನು ನಾವು ಶತಮಾನಗಳಿಂದ ಊರ ಹೊರಗೆ ಇಟ್ಟದ್ದಕ್ಕೂ ಸಂಬಂಧವಿಲ್ಲದಿಲ್ಲ. ತೊಗಲು ಮುಟ್ಟಿದರೆ ಮೈಲಿಗೆ ಎಂದುಕೊಂಡವರು ಅದನ್ನು ನೋಡಿಕೊಳ್ಳುವ ವಿದ್ಯೆಯನ್ನೂ ಕಲಿಯಲಿಲ್ಲ, ಬಲ್ಲವರಿಗೆ ಮರ್ಯಾದೆಯನ್ನೂ ಕೊಡಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಮಾಡಿ ತಂದರು, ಬಸವಣ್ಣನವರು ಅವನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತರು ಎಂಬ ಕಥೆಯನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕುಶಲಿಗಳು ಮಾಡುವ ಚಪ್ಪಲಿಗೂ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳದಕ್ಕೂ ಒಟ್ಟಾಗಿ 2019ರಲ್ಲಿ ಕೊಲ್ಹಾಪುರಿಯೆಂಬ ಭೌಗೋಳಿಕ ಗುರುತು ಸಿಕ್ಕಿತೆಂದು ಹೆಮ್ಮೆಯನ್ನೂ ಪಡುತ್ತೇವೆ. ಸ್ಟೇಷನ್ನಿನ ಹೊರಗೆ ಕೂತವರ ಕೈಗೆ ಬೂಟು ಕೊಡುವಾಗ ಕಾಲಿನಿಂದ ಅವರತ್ತ ತಳ್ಳದೆ, ಬಗ್ಗಿ ಕೈಯಿಂದ ಎತ್ತಿ ಕೊಡುವುದು ಆ ಹೆಮ್ಮೆಗೆ ಕನಿಷ್ಠ ಬಾಡಿಗೆ.

ಕತ್ತರಿಸಿ ಇಟ್ಟುಕೊಳ್ಳುವವರಿಗಾಗಿ

1. ಒಂದು ದಿನ ಹಾಕಿದ ಬೂಟಿಗೆ ಮರುದಿನ ರಜೆ.

2. ಬಿಚ್ಚಿದ ಕೂಡಲೇ ಮರದ ಕಾಲು ಅಥವಾ ಕಾಗದ.

3. ಲೇಸು ಬಿಚ್ಚದೆ ಕಾಲು ತೆಗೆಯಬೇಡಿ, ಶೂಹಾರ್ನ್ ಇಲ್ಲದೆ ಕಾಲು ಹಾಕಬೇಡಿ.

4. ನೆನೆದದ್ದು ನೆರಳಿನಲ್ಲಿ ಒಣಗಲಿ. ಬಿಸಿ ಬೇಡ, ಅವಸರ ಬೇಡ.

5. ತಿಂಗಳಿಗೊಮ್ಮೆ ಕ್ರೀಮು, ಆಮೇಲೆ ಪಾಲಿಶು. ತೆಂಗಿನೆಣ್ಣೆ ಅಡುಗೆಗಿರಲಿ.

6. ಹಿಮ್ಮಡಿ ವಾಲುವ ಮೊದಲೇ ಮೋಚಿಯವರ ಬಳಿ ಹೋಗಿ.

7. ಹಾಕುವ ಮೊದಲು ಒಳಗೆ ಕೈಯಾಡಿಸಿ.

ಇಷ್ಟನ್ನು ಮಾಡಲು ರಾತ್ರಿ ಎರಡು ನಿಮಿಷ ಸಾಕು. ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೂ ಒಳ್ಳೆಯದೇ. ಅಪ್ಪನದೋ ಅಮ್ಮನದೋ ಬೂಟಿನೊಳಗೆ ಕೈ ಹಾಕಿ ಕಾಗದ ತುಂಬುವ ಮಗುವಿಗೆ, ದಿನವಿಡೀ ಆ ಕಾಲು ಎಷ್ಟು ಬೆವರಿದೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಮುಂದಿನ ತಿಂಗಳು ಕೊಡೆಯ ಕಡ್ಡಿ ಮತ್ತು ಬಟ್ಟೆಯ ರಿಪೇರಿಯ ಬಗ್ಗೆ ನೋಡೋಣ. ಬೂಟು ಉಳಿಸುವ ಬೇರೆ ಉಪಾಯ ನಿಮ್ಮ ಮನೆಯಲ್ಲಿ ನಡೆದು ಬಂದಿದ್ದರೆ ನಮಗೂ ಬರೆದು ತಿಳಿಸಿ, ನಾಲ್ಕು ಜನರಿಗೆ ಉಪಯೋಗವಾಗಲಿ.